ಫಿನಿಶಿಂಗ್‌ಗೆ ಎಷ್ಟು ಬಿಡಬೇಕು? 0.5 ಬಿಟ್ಟರೂ ಕೆಟ್ಟಿತು, 0.05 ಬಿಟ್ಟರೂ ಕೆಟ್ಟಿತು

ಹೆಬ್ಬಾಳ ವಿಎಂಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಚಿಕ್ಕ ಶಾಪ್‌ನಲ್ಲಿ ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಮ್‌ನಂತೆ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್) ನಡೆಸುತ್ತೇನೆ. ಸೆಟ್ಟಿಂಗ್, ಪ್ರೋಗ್ರಾಮ್ ಎರಡೂ ನಾನೇ. ನಾಲ್ಕು ದಿನದಿಂದ ಒಂದೇ ಜಾಬ್ ತಲೆ ತಿನ್ನುತ್ತಿದೆ.

6061 ಟಿ6 ಅಲ್ಯೂಮಿನಿಯಂ ಬ್ಲಾಕ್. ಒಳಗೆ 160 ಉದ್ದ, 80 ಅಗಲ, 40 ಆಳದ ಪಾಕೆಟ್, ಅಂದರೆ ಕೊರೆದು ತೆಗೆಯುವ ಗುಂಡಿ (ಎಲ್ಲ ಅಳತೆ ಮಿ.ಮೀ.ನಲ್ಲಿ). ಮೂಲೆ ಆರ್6, ಅಂದರೆ 6 ರೇಡಿಯಸ್ಸಿನ ದುಂಡು. ಅಗಲಕ್ಕೆ ±0.02 ಟಾಲರೆನ್ಸ್ (ತಪ್ಪಿದರೂ ನಡೆಯುವ ಮಿತಿ) ಕೊಟ್ಟಿದ್ದಾರೆ. ರಫಿಂಗ್‌ಗೆ (ಮೊದಲ ಒರಟು ಕಟ್) 20 ಮಿ.ಮೀ. ಇನ್ಸರ್ಟ್ ಕಟ್ಟರ್ (ಹಲ್ಲು ಬದಲಿಸುವಂಥದ್ದು), ನೋಸ್, ಅಂದರೆ ಹಲ್ಲಿನ ತುದಿಯ ದುಂಡು, 0.8. ಫಿನಿಶಿಂಗ್‌ಗೆ (ಕೊನೆಯ ನಯವಾದ ಕಟ್) 12 ಮಿ.ಮೀ. ಮೂರು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್, ಪೂರ್ತಿ ಆಳ ಒಂದೇ ಪಾಸ್.

ಮೊದಲು ಫಿನಿಶಿಂಗ್‌ನಲ್ಲಿ ತೆಗೆಯೋಕೆ ಅಂತ ಗೋಡೆಗೆ 0.5 ಮೆಟಲ್ ಬಿಟ್ಟೆ. ನಾಲ್ಕೂ ಮೂಲೆಯಲ್ಲಿ ಕಿರ್ರ್ ಅಂತ ಕೂಗಿ ಚಾಟರ್ (ಕಟ್ಟರ್ ಅದುರಿ ಬೀಳುವ ಗುರುತು) ಬಂತು, ಮೇಲೆ ಸೈಜ್ ಸರಿ ಇದ್ದರೂ ತಳದಲ್ಲಿ 0.04 ಟೈಟ್, ಅಂದರೆ ಅಗಲ ಅಷ್ಟು ಕಮ್ಮಿ. ಪಕ್ಕದ ಶಾಪ್‌ನವರು ಅಷ್ಟೊಂದು ಯಾಕೆ ಬಿಡ್ತೀರಿ, ಕಮ್ಮಿ ಬಿಟ್ಟರೆ ಕಟ್ಟರ್‌ಗೆ ಲೋಡೇ ಇರಲ್ಲ ಅಂದರು. 0.05 ಬಿಟ್ಟೆ. ಮೂಲೆ ಆಗಲೂ ಕೂಗಿತು. ಅದರ ಜೊತೆಗೆ ಗೋಡೆ ಒಂದು ಕಡೆ ಮಿರಮಿರ ಹೊಳೆಯುತ್ತದೆ, ಒಂದು ಕಡೆ ಮಂಕು, ಅಲ್ಲಲ್ಲಿ ರಫಿಂಗ್ ಗೆರೆ ಹಾಗೇ ಉಳಿದಿದೆ. ಆರು ಪೀಸ್‌ನಲ್ಲಿ ಎರಡು ರಿಜೆಕ್ಟ್. ಮೆಟೀರಿಯಲ್ ಕಸ್ಟಮರ್ ಕೊಟ್ಟಿದ್ದು, ಇನ್ನು 14 ಪೀಸ್ ಬಾಕಿ ಇದೆ, ಭಯ ಆಗುತ್ತಿದೆ. ಸರಿಯಾದ ಅಳತೆ ಎಷ್ಟು, ದಯವಿಟ್ಟು ಹೇಳಿ.

ಹಳೇ ಮಿಲ್ಲರ್

ತಮ್ಮ, ಮೊದಲು 0.05 ವಿಷಯ ಮುಗಿಸೋಣ. ಕಮ್ಮಿ ಬಿಟ್ಟರೆ ಲೋಡ್ ಇರಲ್ಲ ಅನ್ನೋದು ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಹಲ್ಲಿಗೆ ಕಚ್ಚೋಕೆ ಏನಾದರೂ ಸಿಗಬೇಕಲ್ವಾ. ನಮ್ಮ ತಂದೆ ಬಡಗಿ. ತೋಪಡದ ಅಲಗನ್ನು ತೀರಾ ಒಳಗೆ ಇಟ್ಟು ತಳ್ಳಿದರೆ ಮರದ ಮೇಲೆ ಸುಮ್ನೆ ಜಾರುತ್ತದೆ, ಹೊಟ್ಟು ಬರೋದಿಲ್ಲ, ಮರ ಹೊಳೆಯುತ್ತದೆ ಅಷ್ಟೇ. ನಿಮ್ಮ ಗೋಡೆಯ ಹೊಳಪೂ ಅದೇ. ಕಟ್ ಆಗಿ ಬಂದ ಹೊಳಪಲ್ಲ, ಉಜ್ಜಿ ಬಂದ ಹೊಳಪು.

ಲೆಕ್ಕ ನೋಡಿ. 12 ರ ಕಟ್ಟರ್, ಒಂದು ಹಲ್ಲಿಗೆ 0.05 ಫೀಡ್ (ಕಟ್ಟರ್ ಮುಂದೆ ಸರಿಯುವ ಅಳತೆ) ಅಂತ ಇಟ್ಟುಕೊಳ್ಳಿ. ಗೋಡೆಯಿಂದ 0.05 ಮಾತ್ರ ತೆಗೆದರೆ ಚಿಪ್ಪಿನ ದಪ್ಪ ಎಲ್ಲಕ್ಕಿಂತ ಜಾಸ್ತಿ ಇರುವ ಜಾಗದಲ್ಲೂ 6 ಮೈಕ್ರಾನ್ ಆಸುಪಾಸು (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.). ಅದೇ 0.3 ತೆಗೆದರೆ ಸುಮಾರು 16 ಮೈಕ್ರಾನ್. ಹೊಸ ಕಾರ್ಬೈಡ್ ಹಲ್ಲಿನ ಅಂಚು ಕೂಡ ಕಣ್ಣಿಗೆ ಕಾಣದಷ್ಟು ದುಂಡಗೆ ಇರುತ್ತದೆ, ಕೆಲವು ಮೈಕ್ರಾನ್. ನಾಲ್ಕು ಜಾಬ್ ಓಡಿಸಿದ ಮೇಲೆ ಇನ್ನೂ ಜಾಸ್ತಿ. ಚಿಪ್ಪು ಆ ದುಂಡಿಗಿಂತ ತೆಳ್ಳಗಾದರೆ ಹಲ್ಲು ಮೆಟಲ್ ಮೇಲೆ ಹತ್ತಿ ಜಾರುತ್ತದೆ, ಒತ್ತುತ್ತದೆ, ಆಮೇಲೆ ಒಂದು ಕ್ಷಣ ಕಚ್ಚುತ್ತದೆ. ಒಂದು ಕಡೆ ಹೊಳಪು, ಒಂದು ಕಡೆ ಮಂಕು ಬಂದದ್ದು ಹಾಗೆ.

ಕಾಲೆಟ್‌ನಲ್ಲಿ (ಕಟ್ಟರ್ ಹಿಡಿಯುವ ಕೊಳವೆ) ರನ್‌ಔಟ್, ಅಂದರೆ ಕಟ್ಟರ್ ಓಲಾಡಿ ತಿರುಗೋದು, ಎಷ್ಟಿದೆ ಅಂತ ಡಯಲ್ ಇಟ್ಟು ನೋಡಿದ್ದೀರಾ? 0.02 ಇದ್ದರೆ, ನೀವು ಬಿಟ್ಟ 0.05 ರಲ್ಲಿ ಒಂದು ಹಲ್ಲು ಮಾತ್ರ ಕೆಲಸ ಮಾಡುತ್ತದೆ, ಉಳಿದ ಎರಡು ಗಾಳಿಯಲ್ಲಿ ತಿರುಗುತ್ತವೆ.

ಹೆಬ್ಬಾಳ ವಿಎಂಸಿ

ಈಗಲೇ ನೋಡಿದೆ ಅಣ್ಣ. 0.025 ಇದೆ. ಕಾಲೆಟ್ ಬಿಚ್ಚಿದರೆ ಒಳಗೆ ಸಣ್ಣ ಚಿಪ್ಪು ಸಿಕ್ಕಿಕೊಂಡಿತ್ತು. ಒರೆಸಿ ಮತ್ತೆ ಹಾಕಿದ ಮೇಲೆ 0.008.

ಹಾಗಾದರೆ 0.3 ಬಿಡಲಾ? 0.5 ಬಿಟ್ಟಾಗಲೂ ಮೂಲೆ ಕೂಗಿತ್ತಲ್ಲ, ಅದು ಯಾಕೆ?

ತೂಬಿನಕೆರೆ ಪ್ರೋಗ್ರಾಮರ್

ನಾನು ಮಂಡ್ಯ ಕಡೆಯವಳು, ತೂಬಿನಕೆರೆಯಲ್ಲಿ ಕ್ಯಾಮ್ (ಕಟ್ಟರ್ ಹೋಗುವ ದಾರಿ ಬರೆಯುವ ಸಾಫ್ಟ್‌ವೇರ್) ಪ್ರೋಗ್ರಾಮಿಂಗ್ ಮಾಡುತ್ತೇನೆ. ನಿಮ್ಮ ಮೂಲೆ ಕೂಗೋದಕ್ಕೂ ನೀವು ಬಿಟ್ಟ ಅಳತೆಗೂ ಸಂಬಂಧ ತುಂಬಾ ಕಮ್ಮಿ. ಒಂದು ಹಾಳೆಯಲ್ಲಿ ಮೂಲೆಯನ್ನು ದೊಡ್ಡದಾಗಿ ಬರೆದು ನೋಡಿ, ನಾನು ಹೇಳೋದು ತಕ್ಷಣ ಗೊತ್ತಾಗುತ್ತದೆ.

20 ರ ಕಟ್ಟರ್ ಮೂಲೆಗೆ ಹೋದರೆ ಆರ್10 ಬಿಟ್ಟು ಬರುತ್ತದೆ. ನಿಮಗೆ ಬೇಕಿರೋದು ಆರ್6. ಈ ಎರಡರ ವ್ಯತ್ಯಾಸ 4. ತೊಂಬತ್ತು ಡಿಗ್ರಿ ಮೂಲೆಯಲ್ಲಿ ಅದರ 0.414 ಪಾಲು, ಅಂದರೆ 1.66 ಮಿ.ಮೀ. ಮೆಟಲ್ ಮೂಲೆಯ ನಡುವಲ್ಲಿ ಹಾಗೇ ಕೂತಿರುತ್ತದೆ. ನೀವು ಗೋಡೆಗೆ ಬಿಟ್ಟ ಅಳತೆ ಇದರ ಮೇಲೆ ಸೇರುತ್ತದೆ, ಅದೂ 1.414 ಪಟ್ಟು ಆಗಿ. 0.5 ಬಿಟ್ಟಾಗ ಮೂಲೆಯಲ್ಲಿ ಒಟ್ಟು 2.36 ಇತ್ತು. 0.05 ಬಿಟ್ಟಾಗ 1.73. ಗೋಡೆಯಲ್ಲಿ ಹತ್ತು ಪಟ್ಟು ಇಳಿಸಿದ್ದೀರಿ, ಮೂಲೆಯಲ್ಲಿ ಕಾಲು ಭಾಗದಷ್ಟು ಮಾತ್ರ ಇಳಿದಿದೆ. ಪಾಪ ಕಟ್ಟರ್ ಗೋಡೆ ಉದ್ದಕ್ಕೂ ಕೂದಲಷ್ಟು ತೆಗೆದುಕೊಂಡು ಆರಾಮಾಗಿ ಬರುತ್ತದೆ, ಮೂಲೆಗೆ ಬಂದ ತಕ್ಷಣ ಎರಡು ಮಿ.ಮೀ. ಎದುರಾಗುತ್ತದೆ. ಕೂಗದೆ ಏನು ಮಾಡುತ್ತದೆ.

ಇನ್ನೊಂದು. 12 ರ ಕಟ್ಟರ್ ಅಂದರೆ ರೇಡಿಯಸ್ 6. ಮೂಲೆಯೂ ಆರ್6. ಕಟ್ಟರ್ ಅಲ್ಲಿ ತಿರುಗೋದೇ ಇಲ್ಲ, ನೇರ ಬಂದು ಮೂಲೆಗೆ ತುಂಬಿಕೊಂಡು ನಿಂತು ದಿಕ್ಕು ಬದಲಿಸುತ್ತದೆ. ಆ ಹೊತ್ತಿಗೆ ಕಟ್ಟರ್‌ನ ಕಾಲು ಸುತ್ತು ಮೆಟಲ್‌ಗೆ ಅಂಟಿಕೊಂಡಿರುತ್ತದೆ. ನಾನು ಯಾವತ್ತೂ ಮೂಲೆಗಿಂತ ಚಿಕ್ಕ ಕಟ್ಟರ್ ಇಡುತ್ತೇನೆ. ನಿಮ್ಮ ಜಾಬ್‌ಗೆ 10.

ಹೀಗೆ ಮಾಡಿ ನೋಡಿ. 20 ರಲ್ಲಿ ರಫಿಂಗ್ ಆದ ಮೇಲೆ ಬೇರೆ ಒಂದು 10 ರ ಕಟ್ಟರ್ ಹಾಕಿ ಮೂಲೆಗಳನ್ನು ಮಾತ್ರ ರಫ್ ಮಾಡಿ, ಹಂತ ಹಂತವಾಗಿ ಕೆಳಗೆ ಇಳಿಸಿ. ಗೋಡೆಗೆ ಎಷ್ಟು ಬಿಟ್ಟಿದ್ದೀರೋ ಮೂಲೆಗೂ ಅಷ್ಟೇ ಬಿಡಿ. ಆರ್6 ಮೂಲೆಯಿಂದ 0.4 ಒಳಗೆ ಬಂದರೆ ಆರ್5.6 ಆಗುತ್ತದೆ, 10 ರ ಕಟ್ಟರ್ ಅದರೊಳಗೆ ತಿರುಗಿಕೊಂಡು ಹೋಗುತ್ತದೆ. ಆಗ ಪಾಕೆಟ್ ಸುತ್ತಲೂ ಒಂದೇ ದಪ್ಪ ಉಳಿಯುತ್ತದೆ. ದೋಸೆ ಹಿಟ್ಟು ಕಾವಲಿ ಮೇಲೆ ಒಂದೇ ಸಮ ಹರಡಿದ ಹಾಗೆ. ನನ್ನ ಮಟ್ಟಿಗೆ 0.2 ಓ 0.4 ಓ ಅನ್ನೋದಕ್ಕಿಂತ ಇದು ದೊಡ್ಡ ವಿಷಯ. ಎಲ್ಲ ಕಡೆ ಸಮ ಇರಬೇಕು.

ಬೆಳವಾಡಿ ಡೈ ಮೇಕರ್

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 10 ರ ಕಟ್ಟರ್ ಆರ್6 ಮೂಲೆಯಲ್ಲಿ ತಿರುಗುವಾಗ ಅದರ ಸೆಂಟರ್ 1 ಮಿ.ಮೀ. ರೇಡಿಯಸ್‌ನಲ್ಲಿ ಹೋಗುತ್ತದೆ, ಹಲ್ಲಿನ ತುದಿ 6 ಮಿ.ಮೀ. ರೇಡಿಯಸ್‌ನಲ್ಲಿ ಓಡುತ್ತದೆ. ಪ್ರೋಗ್ರಾಮ್‌ನಲ್ಲಿ ಫೀಡ್ 600 ಅಂತ ಕೊಟ್ಟರೆ ಮೆಷಿನ್ ಸೆಂಟರ್‌ಗೆ 600 ಕೊಡುತ್ತದೆ, ಗೋಡೆ ಹತ್ತಿರ ಅದು 3600 ಆಗುತ್ತದೆ. ಆರು ಪಟ್ಟು. ಹಾಗಾಗಿ ಪ್ರೋಗ್ರಾಮ್‌ನಲ್ಲಿ ಮೂಲೆ ತಿರುಗುವ ಸಾಲಿನಲ್ಲಿ ಫೀಡ್ ಇಳಿಸಿ. ಆರನೇ ಒಂದು ಪಾಲಿಗೆ ಇಳಿಸಿದರೆ ಲೆಕ್ಕಕ್ಕೆ ಸರಿ. ನಾನು ಮೂರನೇ ಒಂದು ಪಾಲಿಗೆ ಇಳಿಸಿ ಸದ್ದು ಕೇಳುತ್ತೇನೆ, ಬೇಕಿದ್ದರೆ ಇನ್ನೂ ಇಳಿಸುತ್ತೇನೆ. ಸುಮಾರು ಕ್ಯಾಮ್‌ಗಳಲ್ಲಿ ಇದಕ್ಕೆ ಒಂದು ಟಿಕ್ ಇರುತ್ತದೆ, ಹುಡುಕಿ.

ಅಂದ ಹಾಗೆ ಕಟ್ಟರ್ ಹೋಲ್ಡರ್‌ನಿಂದ ಎಷ್ಟು ಹೊರಗೆ ಇದೆ?

ಹೆಬ್ಬಾಳ ವಿಎಂಸಿ

65 ಸರ್. ಇನ್ನೊಂದು ಜಾಬ್‌ಗೆ ಹಾಕಿದ್ದು ಹಾಗೇ ಇತ್ತು, ಸೆಟ್ಟಿಂಗ್ ಉಳಿಯಲಿ ಅಂತ ಮುಟ್ಟಲಿಲ್ಲ.

ಬೆಳವಾಡಿ ಡೈ ಮೇಕರ್

ನಿಮ್ಮ ತಳದ 0.04 ಟೈಟ್ ಅಲ್ಲೇ ಇದೆ. ಕಟ್ಟರ್ ಬಾಗೋದು ಉದ್ದದ ಘನದ ಲೆಕ್ಕದಲ್ಲಿ. ಆಳ 40 ಇರುವಾಗ 45 ಚಾಚಿದರೆ ಸಾಕು. 45 ರ ಬದಲು 65 ಚಾಚಿದ್ದರಿಂದ ಅದೇ ಲೋಡ್‌ಗೆ ಮೂರು ಪಟ್ಟು ಬಾಗುತ್ತಿದೆ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಹಲ್ಲು ಚಿಪ್ಪಿನ ದಪ್ಪ ಕಡೆಯಿಂದ ಕಚ್ಚುವ ರೀತಿ) ಕಟ್ಟರ್ ಗೋಡೆಯಿಂದ ದೂರಕ್ಕೆ ತಳ್ಳಿಸಿಕೊಳ್ಳುತ್ತದೆ, ಎಲ್ಲಕ್ಕಿಂತ ಜಾಸ್ತಿ ತುದಿಯಲ್ಲಿ. ಅದಕ್ಕೇ ಮೇಲೆ ಸರಿ, ಕೆಳಗೆ ಟೈಟ್.

10 ಕ್ಕೆ ಇಳಿದರೆ ಇನ್ನೂ ಬಾಗಲ್ವಾ ಅಂತ ನೀವು ಕೇಳಬಹುದು. ಡಯಾ ನಾಲ್ಕನೇ ಘಾತದಲ್ಲಿ ಬರುತ್ತದೆ, 12 ಕ್ಕಿಂತ 10 ಎರಡು ಪಟ್ಟು ಬಾಗುತ್ತದೆ, ನಿಜ. ಆದರೆ 65 ಚಾಚಿದ 12 ಕ್ಕಿಂತ 45 ಚಾಚಿದ 10 ಗಟ್ಟಿ. ಬಾಗೋದು ಹೆಚ್ಚುಕಮ್ಮಿ ಮೂರನೇ ಎರಡು ಪಾಲಿಗೆ ಇಳಿಯುತ್ತದೆ. ಹೋಲ್ಡರ್ ನಟ್ ಜಾಬ್‌ಗೆ ತಾಗದಷ್ಟು ಮಾತ್ರ ಬಿಟ್ಟು ಬಿಗಿ ಮಾಡಿ.

ಹಳೇ ಮಿಲ್ಲರ್

ಇಷ್ಟೆಲ್ಲ ಮಾಡಿದರೂ ಸ್ವಲ್ಪ ಬಾಗೇ ಬಾಗುತ್ತದೆ. ಪೂರ್ತಿ ತಪ್ಪಿಸೋಕೆ ಆಗಲ್ಲ. ಆದರೆ ಎಷ್ಟು ಬಾಗುತ್ತದೆ ಅನ್ನೋದನ್ನು ಮೊದಲೇ ತಿಳಿದುಕೊಳ್ಳಬಹುದು. ನನಗೆ ಇದನ್ನು ಕಲಿಸಿದವರು ಮೇಟಗಳ್ಳಿಯಲ್ಲಿ ನಾನು ಸೇರಿದ ಮೊದಲ ಶಾಪ್‌ನ ಸೆಟ್ಟರ್. ಅವತ್ತಿನಿಂದ ಟಾಲರೆನ್ಸ್ ಇರೋ ಯಾವ ಪಾಕೆಟ್ ಬಂದರೂ ನಾನು ಹೀಗೇ ಮಾಡೋದು.

ರಫಿಂಗ್‌ನಲ್ಲಿ ಗೋಡೆಗೆ 0.4 ಬಿಡಿ. ಫಿನಿಶಿಂಗ್ ಕಟ್ಟರ್‌ನಿಂದಲೇ ಮೊದಲು 0.2 ತೆಗೆಯಿರಿ. ನಿಲ್ಲಿಸಿ. ಚಿಪ್ಪು ಊದಿ, ಒರೆಸಿ, ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯಿರಿ. ಒಂದು ಬದಿಗೆ 0.2 ಉಳಿದಿರಬೇಕಿತ್ತು, ತಳದಲ್ಲಿ 0.22 ಇದೆ ಅಂದುಕೊಳ್ಳಿ. ಆ 0.02 ಕಟ್ಟರ್ ಬಾಗಿದ ಲೆಕ್ಕ. ಈಗ ಕೊನೆ ಪಾಸ್‌ನಲ್ಲೂ ಅದೇ ಕಟ್ಟರ್, ಅದೇ ಆರ್‌ಪಿಎಂ, ಅದೇ ಫೀಡ್, ಹೆಚ್ಚುಕಮ್ಮಿ ಅದೇ 0.2. ಹಾಗಾಗಿ ಅಷ್ಟೇ ಬಾಗುತ್ತದೆ. ವೇರ್ ಆಫ್‌ಸೆಟ್‌ನಲ್ಲಿ (ಕಟ್ಟರ್ ಸೈಜ್ ತಿದ್ದಿ ಮೆಷಿನ್‌ಗೆ ಹೇಳುವ ಜಾಗ) ತಿದ್ದುಪಡಿ ಕೊಟ್ಟು ಓಡಿಸಿ, ಸೈಜ್ ಬರುತ್ತದೆ. ಮೇಲೆ ಕೆಳಗೆ ವ್ಯತ್ಯಾಸ ಇದ್ದರೆ ಎರಡರ ನಡುವಿನ ಅಳತೆಗೆ ತಿದ್ದಿ, ಟಾಲರೆನ್ಸ್ ಒಳಗೆ ಎರಡೂ ಕೂರಬೇಕು.

0.5 ರಿಂದ ನೇರ ಸೈಜ್‌ಗೆ ಹೋದರೆ ಅಳೆಯೋಕೆ ಜಾಗವೇ ಇರಲ್ಲ. ಅಳೆಯೋ ಹೊತ್ತಿಗೆ ಪೀಸ್ ಒಂದೋ ಪಾಸ್, ಇಲ್ಲ ರಿಜೆಕ್ಟ್. ಇನ್ನು ಕೆಲವರು ಮೊದಲ ಪಾಸ್‌ನಲ್ಲಿ 0.35 ತೆಗೆದು ಕೊನೆಗೆ 0.05 ಉಳಿಸುತ್ತಾರೆ. ಮೊದಲ ಪಾಸ್ ಬಾಗಿದ ಲೆಕ್ಕ ಎರಡನೇದಕ್ಕೆ ಒಪ್ಪಲ್ಲ, ಜೊತೆಗೆ ಮತ್ತೆ ಉಜ್ಜೋ ಕಥೆ.

ಒಂದು ಎಚ್ಚರ. ನಿಮ್ಮ ಕಂಟ್ರೋಲ್‌ನಲ್ಲಿ ಡಿ ಆಫ್‌ಸೆಟ್ (ಕಟ್ಟರ್ ಸೈಜ್‌ನ ಸಂಖ್ಯೆ) ರೇಡಿಯಸ್ಸಾ, ಡಯಾಮೀಟರಾ ಅಂತ ಮೊದಲು ನೋಡಿಕೊಳ್ಳಿ. ಪಾಕೆಟ್ ಒಟ್ಟು 0.04 ಟೈಟ್ ಇದ್ದರೆ ರೇಡಿಯಸ್ ಲೆಕ್ಕದಲ್ಲಿ ಮೈನಸ್ 0.02. ಡಯಾ ಲೆಕ್ಕದಲ್ಲಿ ಮೈನಸ್ 0.04. ನಾನು ಒಂದು ಸಲ ಅದಲು ಬದಲು ಮಾಡಿ ಒಳ್ಳೆ ಪೀಸ್ ಕಳೆದಿದ್ದೇನೆ.

ಹೂಟಗಳ್ಳಿ ನೈಟ್ ಶಿಫ್ಟ್

ಒಂದು ಡೌಟ್ ಅಣ್ಣ. ನಮ್ಮಲ್ಲಿ ಕೊನೆಗೆ ಏನೂ ಬದಲಿಸದೆ ಅದೇ ಪಾಸ್ ಇನ್ನೊಂದು ಸಲ ಓಡಿಸಿ ಅನ್ನುತ್ತಾರೆ. ಅದರಿಂದಲೂ ತಳ ಸರಿ ಹೋಗುತ್ತದಲ್ವಾ?

ಹಳೇ ಮಿಲ್ಲರ್

ಸ್ವಲ್ಪ ಹೋಗುತ್ತದೆ. ಬಾಗಿದ್ದ ಕಟ್ಟರ್ ಲೋಡ್ ಇಲ್ಲದೆ ನೆಟ್ಟಗಾಗಿ ಬಿಟ್ಟುಬಂದ ಮೈಕ್ರಾನ್‌ಗಳನ್ನು ತೆಗೆಯುತ್ತದೆ. ಅಲ್ಯೂಮಿನಿಯಂನಲ್ಲಿ ಒಂದು ಸಲ ಪರವಾಗಿಲ್ಲ. ಆದರೆ ಎಷ್ಟು ತೆಗೆಯುತ್ತದೆ ಅಂತ ನಂಬೋಕೆ ಆಗಲ್ಲ. ಹೊಸ ಕಟ್ಟರ್ ಒಂದು ಥರ, ಸವೆದ ಕಟ್ಟರ್ ಇನ್ನೊಂದು ಥರ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಇದ್ದರೆ ಮಾತ್ರ ಮಾಡಲೇಬೇಡಿ. ಅದು ಉಜ್ಜಿದಷ್ಟೂ ಮೇಲ್ಮೈ ಗಟ್ಟಿ ಆಗುತ್ತದೆ, ಮುಂದಿನ ಸಲ ಹಲ್ಲು ಆ ಗಟ್ಟಿ ಪದರದ ಮೇಲೇ ಓಡಬೇಕು. ಎಸ್‌ಎಸ್‌ನಲ್ಲಿ ಕೊನೆ ಪಾಸ್‌ಗೂ ಧೈರ್ಯವಾಗಿ ಬಿಡಿ, ಹಲ್ಲು ಹಳೇ ಪದರದ ಕೆಳಗೆ ಹೋಗಿ ಕಚ್ಚಬೇಕು.

ಮದ್ದೂರು ಕಾಸ್ಟಿಂಗ್

ಆ ಪದರದ ಮಾತು ನಮಗೆ ದಿನವೂ ಅನುಭವ. ನಾವು ಆಲೆಮನೆಗಳ ಕಬ್ಬಿನ ಗಾಣಕ್ಕೆ ಬೇರಿಂಗ್ ಹೌಸಿಂಗ್ ಮಾಡುತ್ತೇವೆ, ಬೀಡು ಕಾಸ್ಟಿಂಗ್. ಮೇಲಿನ ಚರ್ಮ ಗಟ್ಟಿ, ಅದರೊಳಗೆ ಮರಳು ಬೇರೆ. ಹೊಸ ಹುಡುಗರು ಹೆದರಿಕೊಂಡು ಮೊದಲ ಕಟ್ 0.3 ಕೊಡುತ್ತಾರೆ, ಹಲ್ಲಿನ ತುದಿ ಪೂರ್ತಿ ಹೊತ್ತು ಮರಳಿನಲ್ಲೇ ಓಡಿ ಇನ್ಸರ್ಟ್ ಸುಟ್ಟು ಹೋಗುತ್ತದೆ. ಮೊದಲ ಕಟ್‌ಗೇ ಎರಡು ಮಿ.ಮೀ. ಕೊಟ್ಟು ಚರ್ಮದ ಕೆಳಗೆ ಹೋಗಿಬಿಡಬೇಕು. ಆಮೇಲೆ ಫಿನಿಶಿಂಗ್‌ಗೆ 0.3 ಉಳಿಸಿದರೆ ಬೆಣ್ಣೆ ಥರ ಬರುತ್ತದೆ. ಇದು ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲ, ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಕೂರ್ಗಳ್ಳಿ ಕ್ಯೂಸಿ

ನಾನು ಅಳೆಯೋ ಕಡೆಯವನು. ಎರಡು ವಿಷಯ ಕೇಳಬೇಕು. ಅಳೆಯುವಾಗ ಜಾಬ್ ಬಿಸಿ ಇತ್ತಾ? ವೈಸ್‌ನಲ್ಲೇ (ಜಾಬ್ ಬಿಗಿ ಹಿಡಿಯುವ ಹಿಡಿಕೆ) ಇತ್ತಾ?

ಅಲ್ಯೂಮಿನಿಯಂ ಒಂದು ಮೀಟರ್‌ಗೆ ಒಂದು ಡಿಗ್ರಿಗೆ 23 ಮೈಕ್ರಾನ್ ಹಿಗ್ಗುತ್ತದೆ, ಸ್ಟೀಲಿನ ಎರಡರಷ್ಟು. ರಫಿಂಗ್ ಮುಗಿದ ತಕ್ಷಣ ಬ್ಲಾಕ್ 12 ಡಿಗ್ರಿ ಬಿಸಿ ಇದ್ದರೆ ನಿಮ್ಮ 160 ರ ಉದ್ದ 0.044 ಜಾಸ್ತಿ ತೋರಿಸುತ್ತದೆ, 80 ರ ಅಗಲ 0.022. ಮೆಷಿನ್ ಮೇಲೆ ಸರಿಯಾಗಿ 80.00 ಬಂತು ಅಂತ ಖುಷಿಪಟ್ಟು ಇಳಿಸಿದರೆ, ನಮ್ಮ ರೂಮಿಗೆ ಬರುವ ಹೊತ್ತಿಗೆ ಅದು ತಣ್ಣಗಾಗಿ 79.978. ನಿಮ್ಮ ±0.02 ಅಲ್ಲೇ ಮುಗಿಯಿತು. ಡ್ರಾಯಿಂಗ್ ಅಳತೆ 20 ಡಿಗ್ರಿಗೆ ಹೇಳಿದ್ದು. ಏಪ್ರಿಲ್ ಮಧ್ಯಾಹ್ನ ಶೀಟಿನ ಶೆಡ್ಡಿನಲ್ಲಿ ನಮಗೆ ಆ 20 ಎಲ್ಲಿ ಸಿಗುತ್ತದೆ. ಕಡೇಪಕ್ಷ ಜಾಬ್ ಮತ್ತು ಗೇಜ್ ಎರಡೂ ಒಂದೇ ಬಿಸಿಗೆ ಬರುವವರೆಗೆ ಕಾಯಿರಿ. ರಫಿಂಗ್ ಮತ್ತು ಫಿನಿಶಿಂಗ್ ನಡುವೆ ಚಹಾ ಕುಡಿದು ಬಂದರೂ ನಷ್ಟ ಇಲ್ಲ.

ವೈಸ್ ಬಗ್ಗೆ. ಪಾಕೆಟ್ ತೆಗೆದ ಮೇಲೆ ಬ್ಲಾಕ್ ಒಂದು ಡಬ್ಬಿ ಆಗುತ್ತದೆ. ರಫಿಂಗ್‌ಗೆ ಹಾಕಿದ ಬಿಗಿಯಲ್ಲೇ ಫಿನಿಶ್ ಮಾಡಿದರೆ ಒಳಗೆ ಒತ್ತಿದ ಗೋಡೆಯನ್ನು ನೆಟ್ಟಗೆ ಕಟ್ ಮಾಡಿದ ಹಾಗೆ. ಬಿಚ್ಚಿದಾಗ ಗೋಡೆ ಹೊರಗೆ ಬರುತ್ತದೆ, ನಡುವೆ ದೊಡ್ಡದು ತೋರಿಸುತ್ತದೆ. ರಫಿಂಗ್ ಆದ ಮೇಲೆ ವೈಸ್ ಪೂರ್ತಿ ಸಡಿಲಿಸಿ, ಬ್ಲಾಕ್ ಒಳಗಿನ ಬಿಗುವು ಬಿಟ್ಟುಕೊಂಡು ಎಷ್ಟು ತಿರುಚುತ್ತದೋ ತಿರುಚಲಿ. ಆಮೇಲೆ ಹಗುರವಾಗಿ ಹಿಡಿದು ಡಯಲ್ ಹಾಕಿ ಮತ್ತೆ ಝೀರೋ ತೆಗೆದುಕೊಳ್ಳಿ. ನೀವು ಬಿಡೋ 0.4 ಇದಕ್ಕೂ ಬೇಕು. ಬ್ಲಾಕ್ 0.1 ತಿರುಚಿದರೆ ಒಂದು ಗೋಡೆಗೆ 0.3, ಎದುರಿನದಕ್ಕೆ 0.5 ಉಳಿಯುತ್ತದೆ. 0.05 ಬಿಟ್ಟಿದ್ದರೆ ಒಂದು ಗೋಡೆಗೆ ಕಟ್ಟರ್ ಮುಟ್ಟೋದೇ ಇಲ್ಲ. ನಿಮ್ಮ ಗೋಡೆಯಲ್ಲಿ ರಫಿಂಗ್ ಗೆರೆ ಉಳಿದದ್ದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತದೆ.

ಹೆಬ್ಬಾಳ ವಿಎಂಸಿ

ವೈಸ್‌ನಲ್ಲೇ, ಬಿಸಿ ಇರುವಾಗಲೇ ಅಳೆದಿದ್ದೆ ಸರ್. ಮುಚ್ಚಿಟ್ಟು ಏನು ಪ್ರಯೋಜನ.

ನಾಳೆ ಬೆಳಿಗ್ಗೆ ಒಂದು ಪೀಸ್ ನೀವೆಲ್ಲ ಹೇಳಿದ ಹಾಗೆ ಮಾಡುತ್ತೇನೆ. ತಳಕ್ಕೆ ಎಷ್ಟು ಬಿಡಲಿ?

ತೂಬಿನಕೆರೆ ಪ್ರೋಗ್ರಾಮರ್

ತಳಕ್ಕೆ 0.2 ಸಾಕು. ಆದರೆ ತಳ ಮತ್ತು ಗೋಡೆ ಎರಡನ್ನೂ ಒಂದೇ ಏಟಿಗೆ ಫಿನಿಶ್ ಮಾಡಬೇಡಿ, ಕಟ್ಟರ್‌ನ ಬದಿಯೂ ತುದಿಯೂ ಒಟ್ಟಿಗೆ ಕಚ್ಚಿದರೆ ಅಲ್ಲಿ ಚಾಟರ್ ಗ್ಯಾರಂಟಿ. ಮೊದಲು ತಳ ಮುಗಿಸಿ, ಗೋಡೆಯಿಂದ 0.5 ದೂರ ಇರಿ. ಆಮೇಲೆ ಗೋಡೆ ಮಾಡುವಾಗ ಕಟ್ಟರ್ ಅನ್ನು ತಳದಿಂದ 0.02 ಮೇಲೆ ಇಡಿ. ಗೋಡೆಗೆ ಹೋಗುವಾಗ ನೇರ ನುಗ್ಗಬೇಡಿ, ಆರ್ಕ್‌ನಲ್ಲಿ ಹತ್ತಿಸಿ, ಹೊರಗೆ ಬರುವಾಗ ಶುರು ಮಾಡಿದ ಜಾಗ ದಾಟಿ ಎರಡು ಮೂರು ಮಿ.ಮೀ. ಹೋಗಿ ಬನ್ನಿ.

ಬೆಳವಾಡಿ ಡೈ ಮೇಕರ್

ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡೋದು) ಇರೋ ಜಾಬ್ ಮಾಡುವವರು ಈ 0.4 ಅನ್ನು ಹಾಗೇ ತೆಗೆದುಕೊಂಡು ಹೋಗಬೇಡಿ. ಡಿ2 ಸ್ಟೀಲ್ ಪಂಚ್ ಪ್ಲೇಟ್‌ಗಳಿಗೆ ನಾನು ಫರ್ನೇಸ್‌ಗೆ ಕಳಿಸುವ ಮುಂಚೆ ಬದಿಗೆ 0.3 ರಿಂದ 0.4 ಬಿಟ್ಟು ಕಳಿಸುತ್ತೇನೆ, ಉದ್ದ ಜಾಬ್ ಇದ್ದರೆ ಇನ್ನೂ ಜಾಸ್ತಿ. ಬಿಡೋದು ಬಾಗುವಿಕೆ ತೆಗೆಯೋದಕ್ಕೆ. ಬಂದ ಮೇಲೆ ಗಡಸುತನ 58, 60 ಎಚ್‌ಆರ್‌ಸಿ ಇರುತ್ತದೆ, ಅಲ್ಲಿ ಕೊನೆ ಪಾಸ್‌ಗೆ 0.1 ಸಾಕು, ಕೋಟಿಂಗ್ ಇರೋ ಗಟ್ಟಿ ಕಟ್ಟರ್ ಬೇಕು. ಒಂದೇ ಸಂಖ್ಯೆ ಎಲ್ಲದಕ್ಕೂ ಓಡಲ್ಲ.

ಹೆಬ್ಬಾಳ ವಿಎಂಸಿ

ಮಾಡಿದೆ. ಎಲ್ಲರಿಗೂ ಮೊದಲು ಕೈ ಮುಗಿಯುತ್ತೇನೆ.

10 ರ ಕಟ್ಟರ್ 45 ಚಾಚಿ ಹಾಕಿದೆ, ರನ್‌ಔಟ್ 0.008. 20 ರಲ್ಲಿ ರಫಿಂಗ್, ಬೇರೆ 10 ರಲ್ಲಿ ಮೂಲೆ ರಫಿಂಗ್, ಎಲ್ಲ ಕಡೆ 0.4. ವೈಸ್ ಸಡಿಲಿಸಿದಾಗ ಡಯಲ್ 0.07 ಓಡಿತು, ಕಣ್ಣಾರೆ ನೋಡಿದೆ. ಅರ್ಧ ಗಂಟೆ ಬಿಟ್ಟು ಹಗುರವಾಗಿ ಹಿಡಿದೆ. 0.2 ತೆಗೆದು ಅಳೆದರೆ ತಳದಲ್ಲಿ ಒಟ್ಟು 0.03 ಟೈಟ್, ಮೇಲೆ 0.01. ಮೈನಸ್ 0.01 ಕೊಟ್ಟು ಕೊನೆ ಪಾಸ್ ಓಡಿಸಿದೆ, ನಮ್ಮದು ರೇಡಿಯಸ್ ಲೆಕ್ಕ. ಮೂಲೆಗೆ ಬಂದಾಗ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಸದ್ದೇ ಬದಲಾಗಲಿಲ್ಲ. ತಣ್ಣಗಾದ ಮೇಲೆ ಮೇಲೆ 80.008, ತಳ 79.990.

ಒಂದೇ ಒಂದು ಉಳಿದಿದೆ. ತಳದಿಂದ ಒಂದು ಮಿ.ಮೀ. ಮೇಲೆ, ಗೋಡೆ ಸುತ್ತಲೂ ಒಂದು ಸಣ್ಣ ಗೆರೆ. ಉಗುರಿಗೆ ಸಿಗುತ್ತದೆ.

ತೂಬಿನಕೆರೆ ಪ್ರೋಗ್ರಾಮರ್

ನಿಮ್ಮ 20 ರ ಕಟ್ಟರ್ ಇನ್ಸರ್ಟ್ ನೋಸ್ 0.8 ಅಂದಿರಲ್ಲ, ಅದೇ. ಗೋಡೆ ತಳಕ್ಕೆ ಸೇರುವ ಜಾಗದಲ್ಲಿ ಆ ನೋಸ್ 0.8 ರ ದುಂಡು ಬಿಟ್ಟು ಹೋಗಿದೆ. ತಳ ಫಿನಿಶ್ ಮಾಡುವಾಗ ನೀವು ಗೋಡೆಯಿಂದ 0.5 ದೂರ ಇದ್ದಿರಿ, ಹಾಗಾಗಿ ಗೋಡೆಗೆ ಅಂಟಿದ ಭಾಗ ಅಲ್ಲೇ ಉಳಿಯಿತು. ಗೋಡೆ ಪಾಸ್‌ನಲ್ಲಿ ಕಟ್ಟರ್‌ನ ಉಳಿದ ಉದ್ದ ಎಲ್ಲ 0.2 ತೆಗೆಯುತ್ತಿದ್ದರೆ ತುದಿ ಮಾತ್ರ ಅದರ ಮೇಲೆ ಇನ್ನಷ್ಟು ತೆಗೆಯಬೇಕು. ಮೂಲೆಯಲ್ಲಿ ಆದ ಕಥೆಯೇ, ಈ ಸಲ ಮಲಗಿಕೊಂಡಿದೆ.

ಮೂಲೆ ರಫ್ ಮಾಡುವ 10 ರ ಕಟ್ಟರ್‌ನಿಂದಲೇ ಕೊನೆಗೆ ತಳದ 1.5 ಮಿ.ಮೀ. ಎತ್ತರಕ್ಕೆ ಪಾಕೆಟ್ ಸುತ್ತಲೂ ಒಂದು ಸುತ್ತು ಬನ್ನಿ. ಗೋಡೆಗೆ 0.4, ತಳಕ್ಕೆ 0.2 ಹಾಗೇ ಇರಲಿ. ಅರ್ಧ ನಿಮಿಷವೂ ಆಗಲ್ಲ.

ಹೆಬ್ಬಾಳ ವಿಎಂಸಿ

ಗೆರೆ ಹೋಯಿತು ಮೇಡಂ. ತಳ ಈಗ 79.994. ಮೂರನೇ ಪೀಸ್ ಮೆಷಿನ್‌ನಲ್ಲಿದೆ, ವೈಸ್ ಸಡಿಲಿಸಿ ತಣ್ಣಗಾಗೋಕೆ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.